ಖಾಲಿ ತೊಟ್ಟಿಲಿನ ಬೌನ್ಸ್ ರೇಟ್

ಇನ್ನೊಬ್ಬರ ದನಿಯನ್ನು ಅಣಕಿಸುವುದು ಒಂದು ರೋಗ, ನನಗದು ಚಿಕ್ಕಂದಿನಲ್ಲೇ ಅಂಟಿದೆ. ಬೀಗರ ಕೆಮ್ಮು, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಮೂಗಿನ ರಾಗ, ಸತ್ತವರ ಮನೆಯಲ್ಲಿ ನಮ್ಮ ಸೋದರತ್ತೆ ಅಳುವ ಧಾಟಿ, ಯಾವುದನ್ನೂ ಬಿಟ್ಟವನಲ್ಲ. ‘ನಿನ್ನ ಸ್ವಂತ ದನಿ ಯಾವದಲೇ?’ ಎಂದು ಅವ್ವ ಕೇಳಿದರೆ ಮಾತ್ರ ತುಸು ತಡವರಿಸುತ್ತೇನೆ. ಈ ರೋಗವನ್ನೇ ನಂಬಿ ನೌಕರಿ ಉಳಿಸಿಕೊಳ್ಳಬೇಕಾದ ಪ್ರಸಂಗ ಬಂತು.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರದೊಂದು ಸಂಘವಿದೆ. ಅದರ ವೆಬ್‌ಸೈಟ್ ಕಟ್ಟಿದವನು, ನೋಡಿಕೊಳ್ಳುವವನು ನಾನು. ಮ್ಯಾನೇಜರ್ ಈರಪ್ಪ ಕಾಕಾ. ಕಟ್ಟಿಗೆಯನ್ನು ಬೆರಳಲ್ಲಿ ಬಾರಿಸಿ ಅದರ ಜಾತಕ ಹೇಳಬಲ್ಲ ಮನುಷ್ಯ, ಕಂಪ್ಯೂಟರಿನ ಮುಂದೆ ಮಾತ್ರ ಬೇರೆಯವರ ಮನೆಯ ನಾಯಿಯನ್ನು ಕಂಡಂತೆ ನಿಲ್ಲುತ್ತಾನೆ. ‘ಈ ವೆಬ್‌ಸೈಟಿನಿಂದ ಉಪಯೋಗವೇನು? ಸೋಮವಾರದ ಸಭೆಯಲ್ಲಿ ಮ್ಯಾನೇಜರು ತಿಳಿಸಬೇಕು, ಇಲ್ಲವಾದರೆ ಮುಚ್ಚಿಬಿಡೋಣ’ ಎಂದು ಸಂಘದ ಹಿರಿಯರು ಅಪ್ಪಣೆ ಕೊಟ್ಟರು. ವೆಬ್‌ಸೈಟ್ ಮುಚ್ಚಿದರೆ ಅದರ ಜೊತೆ ನನ್ನನ್ನೂ ಮುಚ್ಚಿದಂತೆಯೇ. ಅದನ್ನು ಕಾಯಬೇಕಾದವನೋ, ಅದನ್ನು ಒಂದು ಸಲವೂ ತೆರೆದು ನೋಡದ ಈರಪ್ಪ ಕಾಕಾ. ಹೀಗಾಗಿ ನಾನು ಮೇಷ್ಟ್ರಾದೆ.

‘ವಿಸಿಟರ್ ಅಂದ್ರ ಅಂಗಡಿಗೆ ಬಂದೋರು, ಕಾಕಾ. ಪೇಜ್ ವ್ಯೂ ಅಂದ್ರ ಅವರು ನೋಡಿದ ಪುಟ. ಒಬ್ಬಾಕಿ ಬಂದು ನಾಕು ತೊಟ್ಟಲಾ ನೋಡಿದ್ಲು ಅಂತ ತಿಳಿ. ವಿಸಿಟರ್ ಒಬ್ಬಾಕಿ, ಪೇಜ್ ವ್ಯೂ ನಾಕು.’

‘ನಾಕೂ ನೋಡಿ ಒಂದೂ ತೊಗೊಳ್ಳಿಲ್ಲಂದ್ರ?’

‘ಅಲ್ಲೇ ಕನ್ವರ್ಷನ್ ಬರೋದು. ನೋಡಿದೋರೊಳಗ ತೊಗೊಂಡೋರ ಪಾಲು.’ ಎಂದವನೇ ತಿರ್ಲಾಪುರದಿಂದ ಕೊಳ್ಳಲು ಬಂದ ಅಜ್ಜಿಯೊಬ್ಬಳಾಗಿ, ತೊಟ್ಟಿಲು ಬಾರಿಸಿ, ಬಣ್ಣ ಮೂಸಿ, ‘ಗಿಳಿ ಮೂಗು ಸೊಟ್ಟ ಆಗೇತಲ್ಲೋ’ ಎಂದು ಚೌಕಾಶಿ ಮಾಡಿ, ಕಡೆಗೆ ಕೊಂಡು ತೋರಿಸಿದೆ. ಕಾಕಾ ನಕ್ಕ. ಬೌನ್ಸ್ ರೇಟಿಗೆ ಬಂದಾಗ ನಗು ನಿಂತಿತು.

‘ಬಾಗಲದಾಗ ಬಂದು, ಮೊದಲನೇ ಪುಟ ನೋಡಿ, ಹಂಗ ತಿರುಗಿ ಹೋದೋರ ಲೆಕ್ಕ ಅದು.’

‘ಚಹಾನೂ ಕುಡೀಲಾರದ?’

‘ಚಹಾನೂ ಕುಡೀಲಾರದ.’

‘ನಮ್ಮಲ್ಲಿ ಹಂಗ ಹೋದೋರು ಎಷ್ಟು?’

‘ಅಗದಿ ಭಾಳ ಮಂದಿ.’

ಮಗಳ ಮದುವೆಯಲ್ಲಿ ಬೀಗರು ಉಣ್ಣದೆ ಎದ್ದು ಹೋದಂತೆ ಕಾಕಾನ ಮುಖ ಸಣ್ಣಗಾಯಿತು. ‘ಯಾರು ಏನಂದ್ರಲೇ ಅವರಿಗೆ?’ ಎಂದು ಕೇಳಿದ. ನಾನು ನೆಟ್‌ವರ್ಕನ್ನು ಬೈದೆ, ಜನರ ಅಗ್ಗದ ಫೋನುಗಳನ್ನು ಬೈದೆ, ಈ ಕಾಲದವರ ಅಭಿರುಚಿಯನ್ನೂ ಬೈದೆ. ನನ್ನ ಪುಟದಲ್ಲಿ ದೋಷವಿರುವುದು ಸಾಧ್ಯವೇ ಇರಲಿಲ್ಲ. ತೆರೆದ ಕೂಡಲೇ ಕೆಂಪು ಹಸಿರಿನ ತೊಟ್ಟಿಲೊಂದು ತೆರೆಯ ತುಂಬ ತಾನೇ ತಾನಾಗಿ ತೂಗುವಂತೆ ಮಾಡಿದ್ದೆ. ಅದನ್ನು ನೋಡಿ ನಾನೇ ಹಲವು ಸಲ ಮೈಮರೆತಿದ್ದೆ.

ಸೋಮವಾರ ಸಭೆಯಲ್ಲಿ ಕಾಕಾ ಎದ್ದು ನಿಂತ. ಇದ್ದಕ್ಕಿದ್ದಂತೆ ಹಣೆಯ ಮೇಲಿಲ್ಲದ ಕೂದಲನ್ನು ಹಿಂದಕ್ಕೆ ತಳ್ಳಿ, ಸೊಂಟದ ಮೇಲೆ ಕೈಯಿಟ್ಟು, ‘ವಿಸಿಟರ್ ಅಂದ್ರ, ಕಾಕಾ...’ ಎಂದು ಶುರುಮಾಡಿದ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರನ್ನು ಅಣಕಿಸುತ್ತಿದ್ದಾನೆಂದು ತಿಳಿಯದವನು ಇಡೀ ಕೋಣೆಯಲ್ಲಿ ನಾನೊಬ್ಬನೇ. ತಿಳಿದಾಗ ನನಗಿಂತ ಚೆನ್ನಾಗಿ ಮಾಡುತ್ತಿದ್ದಾನಲ್ಲ ಎಂದು ಹೊಟ್ಟೆಕಿಚ್ಚಾಯಿತು.

‘ಇನ್ನ ಬೌನ್ಸ್ ರೇಟ್. ಇವತ್ತ ಮುಂಜಾನೆ ನಾನೂ ಸೈಟ್ ತೆರೆದು ನೋಡೀನ್ರಿ,’ ಎಂದವನು ಹೆಗಲಿನ ವಸ್ತ್ರವನ್ನು ತಲೆಗೆ ಹೊದ್ದು ಮುದುಕಿಯಾದ. ಅಂಗೈಯನ್ನೇ ಫೋನು ಮಾಡಿ ಕಣ್ಣು ಕಿರಿದುಗೊಳಿಸಿದ. ‘ನಮ್ಮ ಹುಡುಗಿಗೆ ದಿನಾ ತುಂಬಾಕ ಬಂದಾವ, ಒಂದು ತೊಟ್ಟಲಾ ನೋಡೂಣು... ಅಯ್ಯ ಶಿವನ, ಖಾಲಿ ತೊಟ್ಟಲಾ ತೂಗಾಕತ್ತೇತಿ. ಮುಚ್ಚ ಬೇ, ಮೊದ್ಲ ಮುಚ್ಚ ಅದನ್ನ.’

ಯಾರೂ ನಗಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ನಮ್ಮ ಕಡೆ ಯಾವ ಮನೆಯಲ್ಲಿ ಮಕ್ಕಳ ಕೈಗೆ ಏಟು ಬಿದ್ದಿಲ್ಲ? ನನ್ನ ಕೈಗೂ ಬಿದ್ದಿತ್ತು. ಬಸುರಿಯರ ತಾಯಂದಿರು ನೋಡುವ ಪುಟದಲ್ಲಿ ಅದನ್ನೇ ಹಗಲೂ ರಾತ್ರಿ ತೂಗಿಬಿಟ್ಟಿದ್ದೆ.

ಸೈಟ್ ಉಳಿಯಿತು, ನಾನೂ ಉಳಿದೆ, ತೊಟ್ಟಿಲಿಗೆ ಕೂಸು ಹಾಕಬೇಕೆಂಬ ಷರತ್ತಿನ ಮೇಲೆ. ಬೇರೆಯವರ ಕೂಸೇಕೆಂದು, ಟ್ರಂಕಿನಲ್ಲಿದ್ದ ನನ್ನದೇ ನಾಮಕರಣದ ಹಳೆಯ ಫೋಟೋ ಹಾಕಿದೆ. ತಲೆಗೆ ಕಟ್ಟಿದ ಕುಂಚಿಗೆಯೊಳಗೆ ಮುಖ ಅಷ್ಟಾಗಿ ಕಾಣದಿದ್ದರೂ ಗಾಂಭೀರ್ಯ ಕಾಣುತ್ತಿತ್ತು. ಜನ ನಿಂತು ನೋಡತೊಡಗಿದರು, ಕೊಳ್ಳತೊಡಗಿದರು. ‘ಬೌನ್ಸ್ ಇಳದೇತ್ರಿ’ ಎಂದು ಕಾಕಾ ಜ್ವರ ಇಳಿದ ಸುದ್ದಿಯಂತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಇದೆಲ್ಲ ನನ್ನ ಮುಖದ ಕಳೆಯ ಮಹಿಮೆ ಎಂದು ನಾನು ಅವ್ವನ ಮುಂದೆ ಫೋನು ಹಿಡಿದೆ.

ಅವ್ವ ಚಷ್ಮಾ ಏರಿಸಿ ನೋಡಿದಳು. ‘ಇದು ನೀ ಅಲ್ಲಲೇ. ಕೂಸಿಗಿಂತ ಮೊದಲ ಗುಂಡಕಲ್ಲಿಗೆ ಕುಂಚಿಗಿ ಕಟ್ಟಿ ತೊಟ್ಟಲದಾಗ ಮಲಗಸ್ತೇವಲ್ಲ, ಆ ಕಲ್ಲು ಇದು. ನಿಂದೆಲ್ಲಿ ಫೋಟೋ? ನಿನ್ನ ಹಾಕಿದ ಕೂಡ್ಲೆ ಚೀರಿ ಚೀರಿ ಹೊರಗ ಬಂದಿ.’

ಕಲ್ಲಿನದು ಕನ್ವರ್ಷನ್. ಮೊದಲ ಬೌನ್ಸ್ ನಾನೇ.