ಬಿಸಿನೀರಿಗೆ ಏಳು ತಲೆಮಾರು

ಒರಾಜ್ ತನ್ನ ಮೂವತ್ತೆಂಟು ವರ್ಷದ ಬದುಕಿನಲ್ಲಿ ಹೇಳಿದ ಮೊದಲನೆಯ ಸುಳ್ಳಿಗೆ ಕಾರಣ ಕಾಲು ಗಂಟೆಯ ಬಿಸಿನೀರು.

ಅವನು ಅಕ್ತೋಬೆ ಊರಿನ ತೂಕ-ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವ ನೌಕರ. ಸುಳ್ಳು ಅವನ ಕೆಲಸಕ್ಕೂ ಒಗ್ಗಿರಲಿಲ್ಲ, ಮೈಗೂ ಒಗ್ಗಿರಲಿಲ್ಲ. ಅಂಥವನು ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂತು, ದಾರಿಯ ಧೂಳನ್ನೆಲ್ಲ ತಲೆಯ ಮೇಲೆ ಹೊತ್ತು ಸಮುದ್ರದ ದಂಡೆಯ ನಮ್ಮ ಅಕ್ತಾವಿಗೆ ಬಂದಿಳಿದದ್ದು ಬಲ್ಜಾನ್ ಎಂಬವಳನ್ನು ನೋಡುವುದಕ್ಕೆ.

ಬಲ್ಜಾನ್ ಹಲ್ಲಿನ ಡಾಕ್ಟರು. ಒರಾಜನ ಅಕ್ಕ ರೈಸಾ ಅವಳನ್ನು ಯಾರದೋ ಮದುವೆಯಲ್ಲಿ ನೋಡಿ ಮೊದಲು ಕೇಳಿದ್ದೇ ಕುಲ. ಏಳು ತಲೆಮಾರಿನೊಳಗೆ ಗಂಡಸರ ಕಡೆಯಿಂದ ರಕ್ತ ಸೇರಿದ್ದರೆ ನಮ್ಮಲ್ಲಿ ಮದುವೆಯ ಮಾತೇ ಇಲ್ಲ. ಅಂಥವರು ಅಣ್ಣ ತಂಗಿ, ಅಲ್ಲಿಗೆ ಮುಗಿಯಿತು. "ಅವಳು ಅದಾಯ್, ನಾವು ತಾಬಿನ್. ಏಳಲ್ಲ, ಎಪ್ಪತ್ತು ತಲೆಮಾರು ಅಗೆದ್ರೂ ನಂಟು ಸಿಗಲ್ಲ. ಧೈರ್ಯವಾಗಿ ಫೋನ್ ಮಾಡು" ಎಂದು ರೈಸಾ ನಂಬರು ಕೊಟ್ಟಳು. ನಾಲ್ಕು ತಿಂಗಳು ಫೋನಿನಲ್ಲೇ ಮಾತಾಯಿತು. ಇವತ್ತು ಎರಡು ಗಂಟೆಗೆ ಸಮುದ್ರದ ದಂಡೆಯಲ್ಲಿ ಮೊದಲ ಭೇಟಿ. ಮೂರಕ್ಕೆ ಅವಳೇ ಮನೆಗೆ ಕರೆದೊಯ್ಯುತ್ತಾಳೆ, ಅಲ್ಲಿ ಅವಳ ಅಜ್ಜನ ಮುಂದೆ ಕೂರಬೇಕು. ಅಜ್ಜ ಹೂಂ ಎಂದರೆ ಚಳಿಗಾಲದೊಳಗೆ ಮದುವೆ. ನೆತ್ತಿಯ ಕೂದಲು ಆಗಲೇ ವಿದಾಯ ಹೇಳುತ್ತಿದ್ದ ಒರಾಜನಿಗೆ ಇದು ತಪ್ಪಿಸಿಕೊಳ್ಳಬಾರದ ಕೊನೆಯ ಬಸ್ಸು.

ಅವನು ಇಳಿದುಕೊಂಡ ಹೋಟೆಲಿನ ಬಗ್ಗೆ ನಿಜ ಹೇಳಿಬಿಡಬೇಕು. ಈ ಊರಿನ ನಾನೇ ಹೇಳದಿದ್ದರೆ ಇನ್ಯಾರು ಹೇಳುತ್ತಾರೆ? ಗುಜರಿಗೆ ಬಿದ್ದ ಪ್ರಯಾಣಿಕರ ಹಡಗೊಂದರ ಕೋಣೆಗಳನ್ನು ಇಡಿಯಾಗಿ ಕಿತ್ತು ತಂದು, ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಹೆಸರೂ ಹಡಗು ಹೋಟೆಲ್ ಎಂದೇ. ಕಿಟಕಿಗಳು ದುಂಡಗಿವೆ. ಹೊಸ್ತಿಲುಗಳು ಮೊಣಕಾಲೆತ್ತರ. ಅಲೆ ಎದ್ದಾಗ ಉರುಳದಿರಲಿ ಎಂದು ಮಂಚಗಳಿಗೆ ಕಟಕಟೆ ಇದೆ. ಸಿಮೆಂಟಿನ ಮೇಲೆ ನಿಂತ ಹಡಗಿಗೆ ಯಾವ ಅಲೆ ಎಂದು ಯಾರೂ ಕೇಳಿದವರಿಲ್ಲ. ಬಿಸಿನೀರಿನ ಬಾಯ್ಲರು ಬೀಗ ಹಾಕಿದ ಕಪಾಟಿನಲ್ಲಿ, ಅದರ ಕೀಲಿ ಹೋಟೆಲ್ ನಡೆಸುವ, ಎಲ್ಲರೂ ಅಪಾ ಅಂದರೆ ಅಕ್ಕ ಎಂದು ಕರೆಯುವ ಕುಲ್ಯಾಶಳ ಕೊರಳಿನಲ್ಲಿ.

"ಬಿಸಿನೀರು ನಾಳೆ" ಎಂದಳು ಕುಲ್ಯಾಶ್ ಅಪಾ, ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ.

"ನಾಳೆ ನಾನಿರಲ್ಲ, ಅಪಾ."

"ಹಾಗಾದ್ರೆ ನಿಮಗೆ ತೊಂದ್ರೆನೇ ಇಲ್ಲ."

"ಇಸ್ತ್ರಿ ಪೆಟ್ಟಿಗೆ?"

"ಅದೂ ನಾಳೆ."

"ಸಮುದ್ರದ ಕಡೆ ಕೋಣೆ ಖಾಲಿ ಇದೆ ಅಂತ ಹೊರಗೆ ಬರ್ದಿದ್ದೀರಿ."

"ಇದೆ. ಖಾಲಿ ಇರ್ಲಿ ಅಂತಾನೇ ಇಟ್ಟಿರೋದು. ನಿಮ್ಮದು ಒಂಬತ್ತನೇ ನಂಬರು, ಅಂಗಳದ ಕಡೆ. ಕಿಟಕಿ ತೆಗೀಬೇಡಿ, ಆಮೇಲೆ ಮುಚ್ಚಕ್ಕಾಗಲ್ಲ."

ಒರಾಜ್ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಒಳಗೆ ಬಂದ. ಮೂಲೆಯ ಸೋಫಾದಲ್ಲಿ ಚಹಾ ಬಟ್ಟಲು ಹಿಡಿದು ಕೂತಿದ್ದ ಮುದುಕ, ಕುಲ್ಯಾಶಳ ಗಂಡನ ಅಪ್ಪ ದೋಸ್ಜಾನ್ ಅತಾ, ಅಂದರೆ ದೋಸ್ಜಾನ್ ತಾತ, ಅವನನ್ನು ಹತ್ತಿರ ಕರೆದು "ಯಾರ ಮಗನಪ್ಪಾ?" ಎಂದು ವಿಚಾರಿಸಿದ. ಬಂದವನು ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಳು ಹೆಸರನ್ನು ಮಗ್ಗಿಯಂತೆ ಒಪ್ಪಿಸಿದ. ಮುದುಕ ಗೋಡೆಯತ್ತ ತಿರುಗಿದ. ಗೋಡೆಯ ತುಂಬ ಮನೆತನದ ವಂಶವೃಕ್ಷ ಬರೆದಿತ್ತು. "ಮೂರನೇ ಕೊಂಬೆ. ನಮ್ಮವನೇ" ಎಂದ. ಕುಲ್ಯಾಶಳ ಕೊರಳಿನಿಂದ ಕೀಲಿ ಆ ಕ್ಷಣವೇ ಕೆಳಗಿಳಿಯಿತು. ಐದು ನಿಮಿಷದಲ್ಲಿ ಆ ಮನುಷ್ಯನ ಕೋಣೆಯಿಂದ ನೀರಿನ ಸದ್ದೂ ಹಾಡೂ ಕೇಳಿಸಿದವು.

ಒರಾಜ್ ತನ್ನ ಅಂಗಿಯ ಕಾಲರು ಮುಟ್ಟಿ ನೋಡಿಕೊಂಡ. ಬೆರಳು ಕಪ್ಪಾಯಿತು. ಬಲ್ಜಾನಳ ಅಜ್ಜನ ಮುಂದೆ ಈ ಕಾಲರಿನಲ್ಲಿ ಹೇಗೆ ಕೂರುವುದು? ಅವನ ಕಣ್ಣು ಗೋಡೆಗೆ ಹೋಯಿತು. ಬಲಗಡೆ ತುದಿಯಲ್ಲಿ ಒಂದು ಕೊಂಬೆ ಅರ್ಧಕ್ಕೇ ನಿಂತಿತ್ತು. ಅಕ್ಷರಗಳು ದಪ್ಪಗೆ, ಓದುವುದಕ್ಕೆ ಅನುಕೂಲವಾಗಿದ್ದವು.

"ಅತಾ, ನನ್ನನ್ನ ನೀವು ಕೇಳ್ಲೇ ಇಲ್ಲ" ಎಂದ ಒರಾಜ್. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ತನ್ನ ಹೆಸರನ್ನಷ್ಟೇ ನಿಜ ಹೇಳಿ, ಮಿಕ್ಕ ಏಳನ್ನೂ ಗೋಡೆ ನೋಡಿ ಕೆಳಗಿನಿಂದ ಮೇಲಕ್ಕೆ ಓದಿದ.

ಮುದುಕ ಬಟ್ಟಲು ಕೆಳಗಿಟ್ಟ. "ತುರ್ಕ್‌ಮೆನ್ ಕಡೆ ಹೋದ ಕೊಂಬೆ. ಅರವತ್ತು ವರ್ಷದಿಂದ ಒಂದೂ ಸುದ್ದಿ ಇರ್ಲಿಲ್ಲ. ಕುಲ್ಯಾಶ್, ಇವ್ನು ನಮ್ಮ ಹುಡುಗ."

"ಅಯ್ಯೋ ಮಗಾ, ಮೊದ್ಲೇ ಬಾಯಿ ಬಿಡಬಾರ್ದಾ?" ಎಂದಳು ಕುಲ್ಯಾಶ್. ಒಂದೇ ಉಸಿರಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಒರಾಜ್ ಗುರುತಿನ ಚೀಟಿ ತೆಗೆಯಹೋದರೆ ಕೈ ತಳ್ಳಿದಳು. "ನಮ್ಮವರ ಹತ್ರ ಚೀಟಿ ಕೇಳ್ತೀವಾ? ಹೋಗು, ಸಮುದ್ರದ ಕಡೆ ಕೋಣೆ ನಿಂದೇ."

ಕೋಣೆ ಸೊಗಸಾಗಿತ್ತು. ದುಂಡು ಕಿಟಕಿಯಲ್ಲಿ ಸಮುದ್ರ ನೀಲಿಯಾಗಿ ಕೂತಿತ್ತು. ಒರಾಜ್ ಅಂಗಿ ಬಿಚ್ಚಿ ನಲ್ಲಿ ತಿರುಗಿಸುವಷ್ಟರಲ್ಲಿ ಬಾಗಿಲು ಬಡಿಯಿತು. ನಿಂತಿದ್ದವನು ಬೊರಾನ್‌ಬಾಯ್, ಕುಲ್ಯಾಶಳ ಮೈದುನ, ಹೋಟೆಲಿನ ವ್ಯಾನು ಓಡಿಸುವವನು.

"ತಮ್ಮಾ, ನೀನು ಬಂದದ್ದು ದೇವರೇ ಕಳಿಸಿದ ಹಾಗಾಯ್ತು. ಮೂರು ಗಂಟೆಗೆ ಮನೆಗೆ ದೊಡ್ಡ ಅತಿಥಿ ಬರ್ತಾರೆ. ಕುರಿ ಕಡಿದಾಯ್ತು, ತಲೆ ಸುಡೋಕೆ ಜನ ಇಲ್ಲ. ಬಾ."

"ಅಣ್ಣಾ, ಸ್ನಾನ ಮಾಡಿ ಬರ್ತೀನಿ."

"ಮಸಿ ಕೆಲ್ಸಕ್ಕೆ ಮುಂಚೆ ಯಾರಾದ್ರೂ ಸ್ನಾನ ಮಾಡ್ತಾರಾ?"

ಮಾತು ನ್ಯಾಯವಾಗಿತ್ತು. ಒರಾಜ್ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಗ್ಯಾಸಿನ ಉರಿಗೆ ಕುರಿತಲೆ ಹಿಡಿದ. ಉಣ್ಣೆಯ ಹೊಗೆ ಕಣ್ಣಿಗೂ ಮೂಗಿಗೂ ತಲೆಗೂದಲಿಗೂ ಹತ್ತಿತು. ಗಾಳಿ ತಿರುಗಿದಾಗ ಎಡ ಹುಬ್ಬಿನ ಅರ್ಧ ಹೋಯಿತು. ಆಮೇಲೆ ಹಿಟ್ಟಿನ ಮೂಟೆ ಇಳಿಸಬೇಕಿತ್ತು. ಆಮೇಲೆ ಕಾರ್ಪೆಟ್ಟುಗಳನ್ನು ತಂತಿಗೆ ಹಾಕಿ ಬಡಿಯಬೇಕಿತ್ತು. ನಡುನಡುವೆ ಕುಲ್ಯಾಶ್ ಬಂದು "ನಮ್ಮ ಹುಡುಗ ಎಷ್ಟು ಸೊರಗಿದಾನೆ" ಎಂದು ಒಂಟೆ ಹಾಲಿನ ಹುಳಿ ಶುಬಾತ್ ಕುಡಿಸಿ ಹೋಗುತ್ತಿದ್ದಳು. ನಾಲ್ಕನೆಯ ಬಟ್ಟಲಿಗೆ ಅವನ ಹೊಟ್ಟೆ ಸ್ವಂತ ಅಭಿಪ್ರಾಯ ಹೇಳತೊಡಗಿತು.

ಗಂಟೆ ಒಂದೂವರೆ. ಓಡಿ ಕೋಣೆಗೆ ಬಂದರೆ ಅವನ ಚೀಲ ಬಾಗಿಲ ಹೊರಗಿತ್ತು.

"ಬೇಜಾರು ಮಾಡ್ಕೋಬೇಡ ಮಗಾ" ಎಂದಳು ಕುಲ್ಯಾಶ್, ಹೊಸ ಹಾಸಿಗೆ ಬಟ್ಟೆ ಹಾಸುತ್ತ. "ದೂರದಿಂದ ಬರೋ ಅತಿಥಿ, ಊಟ ಆದ್ಮೇಲೆ ಒಂಚೂರು ಅಡ್ಡಾಗಬೇಕಲ್ಲ. ನೀನು ಹೇಗಿದ್ರೂ ನಮ್ಮವ್ನು. ಒಂಬತ್ತನೇ ನಂಬರು ಇದೆಯಲ್ಲ, ಅಲ್ಲಿಗೆ ಹೋಗು."

"ಹೋಗ್ಲಿ ಅಪಾ, ಬಿಸಿನೀರು?"

"ಅದನ್ನೂ ಅವ್ರಿಗೇ ಅಂತ ಇಟ್ಟಿದೀನಿ. ನಿನ್ನ ವಯಸ್ಸಿಗೆ ತಣ್ಣೀರು ಒಳ್ಳೇದು."

ಆ ಅತಿಥಿ ಯಾವನೇ ಆಗಿರಲಿ, ಅವನ ಕಾಲು ಉಳುಕಲಿ ಎಂದು ಒರಾಜ್ ಮನಸ್ಸಿನಲ್ಲೇ ಶಾಪ ಹಾಕಿದ. ಒಂಬತ್ತನೇ ನಂಬರಿನ ಹೊಸ್ತಿಲು ದಾಟುವಾಗ ಅವನ ಕಾಲೇ ಉಳುಕಿತು.

ಎರಡು ಗಂಟೆಗೆ ದಂಡೆಯಲ್ಲಿ ಬಲ್ಜಾನ್ ಕಂಡದ್ದು ಕುಂಟುತ್ತ ಬರುವ, ಒಂದೂವರೆ ಹುಬ್ಬಿನ, ಮುದುಡಿದ ಅಂಗಿಯ ಗಂಡಸನ್ನು. ಅವಳು ಎತ್ತರವಾಗಿದ್ದಳು. ನಕ್ಕರೆ ಇಡೀ ಮುಖ ನಗುತ್ತಿತ್ತು. ಫೋನಿನ ದನಿಗಿಂತ ಅವಳೇ ಚೆನ್ನಾಗಿದ್ದಾಳೆ ಎಂದುಕೊಂಡು ಒರಾಜ್ ಕಾಲುನೋವು ಮರೆತ.

"ನಿಮ್ಮ ಹತ್ರ ಕುರಿತಲೆ ವಾಸನೆ ಬರ್ತಿದೆ" ಎಂದಳು ಬಲ್ಜಾನ್.

"ಸಂಬಂಧಿಕರ ಮನೇಲಿ ಸ್ವಲ್ಪ ಕೆಲ್ಸ ಇತ್ತು."

"ಈ ಊರಲ್ಲಿ ನಿಮಗೆ ಯಾರೂ ಸಂಬಂಧಿಕರಿಲ್ಲ ಅಂದಿದ್ರಿ?"

"ಬೆಳಿಗ್ಗೆ ಒಂಬತ್ತರಿಂದ ಇದಾರೆ."

ಅವಳು ತಮಾಷೆ ಎಂದುಕೊಂಡು ನಕ್ಕಳು. ನಗು ಕಂಡು ಒರಾಜನ ನಾಲಿಗೆ ಸಡಿಲವಾಯಿತು. ಎಲ್ಲಿ ಇಳಿದಿದ್ದೀರಿ, ಹೇಗಿದೆ, ನಿಜ ಹೇಳಿ ಎಂದು ಕೇಳಿದ್ದಕ್ಕೆ ನಿಜವನ್ನೇ ಹೇಳಿದ. ಹಡಗಿನ ಮಂಚದ ಉದ್ದ ಐದಡಿ ನಾಲ್ಕಂಗುಲ, ಮನುಷ್ಯರಿಗಲ್ಲ. ಹೊಸ್ತಿಲು ಕಾಲು ಮುರಿಯಲೆಂದೇ ಮಾಡಿದ್ದು. ಅಲ್ಲೊಬ್ಬ ಹೆಂಗಸು ಬಿಸಿನೀರಿನ ಕೀಲಿಯನ್ನು ಒಡವೆಯ ಹಾಗೆ ಕೊರಳಿಗೆ ಹಾಕಿಕೊಂಡಿರುತ್ತಾಳೆ. ಬಲ್ಜಾನ್ ಕಣ್ಣೀರು ಬರುವಷ್ಟು ನಕ್ಕು, "ನಾನು ಹುಟ್ಟಿದಾಗಿಂದ ಹೇಳ್ತಾನೇ ಇದೀನಿ, ಯಾರೂ ಕೇಳಲ್ಲ. ನೀವೇ ಬಂದು ಹೇಳಿ" ಎಂದು ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು.

"ಯಾರಿಗೆ ಹೇಳ್ಬೇಕು?"

"ನಮ್ಮಮ್ಮಂಗೆ. ನಿಮ್ಮ ಹೆಸ್ರು ಊರು ಏನೂ ಹೇಳಿಲ್ಲ ನಾನು. ಹೇಳಿದ್ರೆ ಅರ್ಧ ಅಕ್ತೋಬೆಗೆ ಫೋನ್ ಮಾಡಿ ವಿಚಾರಿಸಿಬಿಡ್ತಾಳೆ. ಬರೀ ದೂರದ ಅತಿಥಿ ಅಂದಿದೀನಿ."

ಮೆಟ್ಟಿಲಿನ ಕೊನೆಯಲ್ಲಿ ದುಂಡು ಕಿಟಕಿಗಳು ಕಂಡವು. ಆಗಷ್ಟೇ ತಾನು ಶಪಿಸಿದ ಅತಿಥಿ ಯಾರು, ಸುಟ್ಟ ತಲೆ ಯಾರಿಗೆ ಎಂಬುದು ಒರಾಜನಿಗೆ ಒಟ್ಟಿಗೇ ಹೊಳೆಯಿತು. ತಿರುಗಿ ಓಡೋಣವೆಂದರೆ ಕಾಲು ಉಳುಕಿತ್ತು.

ಬಾಗಿಲಲ್ಲಿ ಮನೆಯವರೆಲ್ಲ ಹೊಸ ಬಟ್ಟೆ ಹಾಕಿ ನಿಂತಿದ್ದರು.

"ಬಲ್ಜಾನ್, ನಮ್ಮ ಒರಾಜ್ ನಿಂಗೆಲ್ಲಿ ಸಿಕ್ಕಿದ?" ಎಂದಳು ಕುಲ್ಯಾಶ್. "ಕಳೆದುಹೋದ ಕೊಂಬೆ ಹುಡುಗ. ನಿಂಗೆ ಅಣ್ಣ ಆಗ್ಬೇಕು. ಅದಿರ್ಲಿ, ಅತಿಥಿ ಎಲ್ಲಿ?"

ಬಲ್ಜಾನ್ ಅವನ ತೋಳು ಬಿಟ್ಟಳು. ಅವಳ ಮುಖದ ಬಣ್ಣ ಇಳಿದುಹೋಯಿತು. "ನಾಲ್ಕು ತಿಂಗಳು ತಾಬಿನ್ ಅಂತ ಹೇಳಿದ್ರಲ್ಲ ನನಗೆ" ಎಂದಳು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳು ಕೈತಪ್ಪಬಾರದು ಎಂಬುದೊಂದೇ ಒರಾಜನ ತಲೆಯಲ್ಲಿತ್ತು. ಒಳಗೆ ಹೋಗಿ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದ. ಗೋಡೆ ನೋಡಿ ಓದಿದ್ದು, ಅತಿಥಿ ತಾನೇ ಎಂಬುದು, ತಾನು ತಾಬಿನ್ ಕುಲದ ಬಡ ತಕ್ಕಡಿ ಇನ್‌ಸ್ಪೆಕ್ಟರ್ ಎಂಬುದು.

"ಕಾಲು ಗಂಟೆ ಬಿಸಿನೀರಿಗೆ ಏಳು ತಲೆಮಾರು ಬದಲಾಯಿಸಿದ್ಯಾ?" ಎಂದಳು ಕುಲ್ಯಾಶ್.

"ಬಿಸಿನೀರೂ ಸಿಗ್ಲಿಲ್ಲ, ಅಪಾ" ಎಂದ ಒರಾಜ್ ಸಣ್ಣ ದನಿಯಲ್ಲಿ.

ಬೊರಾನ್‌ಬಾಯ್ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದ. ಬಲ್ಜಾನಳ ಮುಖಕ್ಕೂ ಬಣ್ಣ ಮರಳತೊಡಗಿತು. ಇವನು ಸುಳ್ಳುಗಾರ ನಿಜ, ಆದರೆ ಅಣ್ಣನಲ್ಲ. ದೋಸ್ಜಾನ್ ಅತಾ ಗಡ್ಡ ನೀವಿಕೊಂಡ.

"ಅರವತ್ತು ವರ್ಷ ಆದ್ಮೇಲೆ ನಮ್ಮವನು ಬಂದ ಅಂತ ಸಂತೋಷ ಪಟ್ಟಿದ್ದೆ" ಎಂದ. "ಹೋಗ್ಲಿ. ತಪ್ಪು ಒಪ್ಪಿಕೊಳ್ಳೋ ಗಂಡು ಸಿಗೋದು ಕಷ್ಟ. ನಿನ್ನ ನಿಜವಾದ ಏಳು ಹೇಳು. ಸರಿ ಇದ್ರೆ ಹುಡುಗಿ ಕೊಡೋ ಮಾತು ಆಡೋಣ."

ಒರಾಜನಿಗೆ ಹೋದ ಜೀವ ಬಂತು. ಎದೆ ಸೆಟೆಸಿ ನಿಂತು, ಶಾಲೆಯ ಹುಡುಗನ ಹಾಗೆ ಶುರುಮಾಡಿದ. "ಅಪ್ಪ ಸಗಿನ್‌ಬಾಯ್. ಅಜ್ಜ ತಿಲೆಪ್. ಮುತ್ತಜ್ಜ ಕರಾಜಾನ್..."

"ನಿಲ್ಲು" ಎಂದ ಮುದುಕ. "ಯಾವ ಕರಾಜಾನ್? ಎಂಬಾ ಅನ್ನೋ ನದಿ ಹತ್ರ ಬಾವಿ ತೋಡ್ತಿದ್ದವನಾ? ಮಕ್ಕಳಿಲ್ಲದವನು?"

"ಮಕ್ಕಳಿಲ್ಲದೇ ಏನು ಅತಾ, ನಮ್ಮಜ್ಜ ಇದ್ನಲ್ಲ."

"ನಿಮ್ಮಜ್ಜಂಗೆ ಎಡಗಿವಿ ಪೂರ್ತಿ ಇತ್ತಾ?"

ಒರಾಜ್ ತಬ್ಬಿಬ್ಬಾದ. "ಇರ್ಲಿಲ್ಲ. ಚಿಕ್ಕವನಿದ್ದಾಗ ಒಂಟೆ ಕಚ್ಚಿತ್ತಂತೆ."

ದೋಸ್ಜಾನ್ ಅತಾ ಎದ್ದು ನಿಂತ. ಎಂಬತ್ತೊಂದು ವರ್ಷದ ಆ ಮುದುಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ತಿಲೆಪ್ ನಮ್ಮಣ್ಣ. ಹಸಿವಿನ ವರ್ಷ, ಮಗು ದಾರೀಲಿ ಸಾಯೋದು ಬೇಡ ಅಂತ ನಮ್ಮಪ್ಪ ಅವನನ್ನ ಕರಾಜಾನ್ ಕೈಗೆ ಕೊಟ್ಟು ಮುಂದೆ ಹೋದ. ನಾನು ಆಮೇಲೆ ಹುಟ್ಟಿದವನು. ನಮ್ಮಮ್ಮ ಸಾಯೋವರೆಗೂ ಆ ಕಿವಿ ವಿಷಯಾನೇ ಹೇಳ್ತಿದ್ಲು. ಮಗಾ, ನೀನು ನಮ್ಮಣ್ಣನ ಮೊಮ್ಮಗ."

ಮುದುಕ ಅವನನ್ನು ತಬ್ಬಿಕೊಂಡು ಕುರಿತಲೆಯ ವಾಸನೆಯ ತಲೆಯನ್ನೇ ಮೂಸಿ ಮುತ್ತಿಟ್ಟ. ಕುಲ್ಯಾಶ್ ಅಳುತ್ತ, ಶುಭವೆಂದು ಎಲ್ಲರ ಮೇಲೆ ಮಿಠಾಯಿ ಎರಚಿದಳು. ಬೊರಾನ್‌ಬಾಯ್ ಊರಿಗೆಲ್ಲ ಫೋನು ಮಾಡತೊಡಗಿದ. ಮುದುಕನ ಭುಜದ ಮೇಲಿಂದ ಒರಾಜ್ ಬಲ್ಜಾನಳನ್ನು ನೋಡಿದ. ಸುಳ್ಳು ಹೇಳಿದಾಗ ಬಿಡಿಸಿಕೊಳ್ಳುವ ದಾರಿಯಾದರೂ ಇತ್ತು, ಈಗ ಹೇಳಿದ್ದು ನಿಜ. ಅವನಿಗೂ ಅಳು ಬಂತು, ಎಲ್ಲರೂ ಸಂತೋಷಕ್ಕೆ ಎಂದುಕೊಂಡರು.

ದೊಡ್ಡ ತಟ್ಟೆಯಲ್ಲಿ ಮಾಂಸ ಬಂತು. ಅತಿಥಿ ಇಲ್ಲದ್ದರಿಂದ ಕುರಿಯ ತಲೆ ಮನೆಯ ಹಿರಿಯನ ಮುಂದೆ ಹೋಯಿತು. ದೋಸ್ಜಾನ್ ಅತಾ ಅದರ ಒಂದು ಕಿವಿ ಕೊಯ್ದು, ಮನೆಯ ಚಿಕ್ಕವರಿಗೆ ಕೊಡುವ ಪದ್ಧತಿಯಂತೆ ಒರಾಜನ ಕೈಗಿಟ್ಟ.

"ತಿನ್ನು. ಇನ್ನು ನಾನು ನಿಶ್ಚಿಂತೆ" ಎಂದ. "ಬಲ್ಜಾನಳ ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಗಂಡು ಹುಡುಕೋರೇ ಇರ್ಲಿಲ್ಲ. ಈಗ ಅಣ್ಣ ಬಂದ. ಅದು ನಿನ್ನ ಜವಾಬ್ದಾರಿ."

ಒರಾಜ್ ಕಿವಿ ಅಗಿಯುತ್ತ ತಲೆಯಾಡಿಸಿದ. ಬಲ್ಜಾನ್ ಅವನ ಬಟ್ಟಲಿಗೆ ಚಹಾ ಸುರಿದಳು.

"ಅಕ್ತೋಬೆ ಕಡೆ ಯಾರಾದ್ರೂ ಇದ್ರೆ ನೋಡಣ್ಣ" ಎಂದಳು. "ನಿನ್ನಂಥವನೇ ಆದ್ರೂ ಪರ್ವಾಗಿಲ್ಲ."