ಮಲಿಯಾ ಮೇಡಂಗೊಂದು ಹಾರ

ಅಮೆರಿಕದ ಡಿಯರ್‌ಬಾರ್ನ್ ಆಫೀಸಿನಲ್ಲಿ ಅಕ್ಟೋಬರ್ ತಿಂಗಳಿಗೆ ಒಬ್ಬರಿಗಷ್ಟೇ ರಜೆ, ಕೇಳಿದವರು ಇಬ್ಬರು. ವೀರೇಶನಿಗೆ ಹೆಂಡತಿಯ ತಮ್ಮನ ಮದುವೆ. ಪಕ್ಕದ ಸೀಟಿನ ಹುಬ್ಬಳ್ಳಿಯ ರಿಷಭ್‌ಗೆ ಹೆಣ್ಣು ನೋಡುವ ಕಾರ್ಯಕ್ರಮ. ತೀರ್ಪು ಬಾಸ್ ಮಲಿಯಾ ಮೇಡಂ ಕೈಯಲ್ಲಿ. ಮೇಡಂ ಊರು ಹವಾಯಿ, ಇವತ್ತು ಅವರ ಹುಟ್ಟುಹಬ್ಬ.

"ಹವಾಯಿಯೋರ ಕೊರಳಿಗೆ ಅವರ ಕಡೆಯ ಹೂಹಾರ, ಅದೇ ‘ಲೇ’, ಒಂದು ಬಿತ್ತು ಅಂದ್ರೆ ಕರಗಿಹೋಗ್ತಾರೆ. ಇದು ಬರೀ ಹೂವಲ್ಲ ಸ್ಮಿತಾ, ವಿಮಾನದ ಟಿಕೆಟ್ಟು!" ಎಂದ ವೀರೇಶ ಬೆಳಿಗ್ಗೆ ಆರಕ್ಕೇ ಕತ್ತರಿ ಹಿಡಿದು ಟ್ರಾಯ್ ಊರಿನ ತನ್ನ ಮನೆಯ ಹಿತ್ತಲಿಗಿಳಿದ.

"ರಜೆ ಇಲ್ದೆ ಬನ್ನಿ, ಇನ್ನೊಂದು ಹಾರ ನಾನೇ ಕಟ್ತೀನಿ. ನಿಮ್ಮ ಫೋಟೋಗೆ!" ಎಂದಳು ಹೆಂಡತಿ ಸ್ಮಿತಾ.

ಬೇಲಿಯಾಚೆ ಸೂರ್ಯನಿಗಿಂತ ಮೊದಲೇ ಮೂಡಿದ್ದು ಚಿಕ್ಕತಾಯಮ್ಮ ಆಂಟಿಯ ತಲೆ. ಮೈಸೂರಿನಿಂದ ಮಗಳ ಮನೆಗೆ ಬಂದು ಎರಡೇ ತಿಂಗಳು. ಆಗಲೇ ಇಡೀ ಬಡಾವಣೆಯ ಹೂಗಳ ಜಾತಕ ಅವರ ಬಾಯಲ್ಲಿತ್ತು.

"ಡೇ ಲಿಲಿ ಕಿತ್ಯಾ? ಅದರ ಆಯಸ್ಸು ಒಂದೇ ದಿನ ಕಣಪ್ಪ. ಹೈಡ್ರೇಂಜಿಯಾನಾ? ಕಾರು ಹತ್ತೋ ಮುಂಚೆ ಸೊರಗುತ್ತೆ. ಅಯ್ಯೋ, ಗುಲಾಬಿ ಮೂಸ್ಬೇಡ್ವೋ! ಮೂಸಿದ ಹೂ ಹಾರಕ್ಕಾಗಲ್ಲ."

"ಆಂಟಿ, ಇದು ಪೂಜೆಗಲ್ಲ, ಬಾಸ್‌ಗೆ."

"ಹಾಗಾದ್ರೆ ಇನ್ನೂ ಹುಷಾರಾಗಿರ್ಬೇಕು!"

ಕೊನೆಗೆ ಆಂಟಿಯ ಪರೀಕ್ಷೆಯಲ್ಲಿ ಪಾಸಾದದ್ದು ಚೆಂಡುಹೂ ಮಾತ್ರ. ನಡುನಡುವೆ ಘಮಕ್ಕೆ ಮರುಗ ಇರಲೇಬೇಕೆಂದರು. ಮಿಷಿಗನ್‌ನಲ್ಲಿ ಮರುಗ ಎಲ್ಲಿಂದ ತರೋದು? ನೋಡಲು ಅದರ ಅಣ್ಣತಮ್ಮನಂತಿದೆ ಎಂದು ವೀರೇಶ ಕುಂಡದಲ್ಲಿದ್ದ, ಪಿಜ್ಜಾಗೆ ಉದುರಿಸುವ ಆರೆಗಾನೊ ಸೊಪ್ಪನ್ನೇ ಕಿತ್ತ. ಬಾಳೆನಾರಿನ ಬದಲು ಹಲ್ಲಿನ ಸಂದಿ ಉಜ್ಜುವ ಫ್ಲಾಸ್ ದಾರ. ಕಟ್ಟಿ ಮುಗಿದಾಗ ಹಾರ ಅರ್ಧ ಮದುಮಗ, ಅರ್ಧ ಪಿಜ್ಜಾ ಆಗಿತ್ತು.

ದಾರಿಯಲ್ಲಿ ಹೂವಿನೊಳಗಿಂದ ಜೇನುನೊಣವೊಂದು ಎದ್ದಿತು. ಕಾರಿನೊಳಗೆ ಹೆದ್ದಾರಿಯ ಎರಡು ಎಕ್ಸಿಟ್ ದಾಟುವವರೆಗೆ ಭರ್ಜರಿ ಕ್ಲೈಮ್ಯಾಕ್ಸ್ ಫೈಟು. ಗೆದ್ದದ್ದು ಜೇನು. ಟೊಮೇಟೊದಂಥ ಮೂಗು ಹೊತ್ತು ವೀರೇಶ ಆಫೀಸಿನೊಳಗೆ ಕಾಲಿಟ್ಟರೆ, ಯಾರೋ ಪಿಜ್ಜಾ ತರಿಸಿದ್ದಾರೆಂದು ಇಡೀ ಫ್ಲೋರ್ ಓಡಿ ಬಂತು.

ಆದರೂ ಹಾರ ಕೊರಳಿಗೆ ಬಿದ್ದೊಡನೆ ಮೇಡಂ ಕಣ್ಣು ತುಂಬಿತು. "ನಿಂಗೂ ಒಂದಿದೆ ವೀರೇಶ್," ಎನ್ನುತ್ತ, ಊರಿನಿಂದ ತಂಗಿ ಕಳಿಸಿದ್ದ ಆರ್ಕಿಡ್ ಲೇಯನ್ನು ಫ್ರಿಜ್ಜಿನಿಂದ ತೆಗೆದು ಅವನ ಕೊರಳಿಗೆ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ.

ನಮ್ಮ ಕಡೆ ಸನ್ಮಾನದ ಹಾರವನ್ನು ಕೊರಳಲ್ಲೇ ಉಳಿಸಿಕೊಂಡವನು ಜಂಬದ ಕೋಳಿ. ಹಾಕಿದವರ ಕೈ ಹಿಂದೆ ಸರಿಯುವ ಮೊದಲೇ ಅದನ್ನು ತೆಗೆದು ಪಕ್ಕದವರಿಗೆ ದಾಟಿಸಬೇಕು. ವೀರೇಶನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಹಾರ ತೆಗೆದು ಪಕ್ಕದವನಿಗೆ ಕೊಟ್ಟು, ವಿನಯವೇ ಮೈವೆತ್ತಂತೆ ಕೈಮುಗಿದ.

ಪಕ್ಕದವನು ರಿಷಭ್. ಅವನು ಅದನ್ನು ಹಾಕಿಕೊಂಡೇಬಿಟ್ಟ.

ಚಪ್ಪಾಳೆ ನಿಂತಿತು. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು.

"ನಮ್ಮೂರಲ್ಲಿ ಕೊರಳಿಗೆ ಬಿದ್ದ ಹಾರಾನ ಹಾಕಿದೋರ ಎದುರಿಗೇ ಯಾರೂ ತೆಗೆಯಲ್ಲ ವೀರೇಶ್. ಯಾರಿಗೆ ರಜೆ ಕೊಡ್ಲಿ ಅಂತ ವಾರದಿಂದ ಒದ್ದಾಡಿ, ಇವತ್ತು ನಿಂಗೇ ಅಂತ ತೀರ್ಮಾನ ಮಾಡಿ ಈ ಹಾರ ಹಾಕ್ದೆ. ನೀನು ಅದನ್ನೂ ಅವನಿಗೆ ಬಿಟ್ಟುಕೊಟ್ಯಲ್ಲ! ಇಷ್ಟು ದೊಡ್ಡ ಮನಸ್ಸಿಗೆ ನಾನು ಅಡ್ಡ ಬರಲ್ಲ. ರಿಷಭ್, ರಜೆ ನಿಂದು!"

"ಮೇಡಂ, ಅದು... ನಾನು..." ಎಂಬ ವೀರೇಶನ ಮಾತು ಎರಡನೇ ಸುತ್ತಿನ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ರಿಷಭ್ ಅವನ ಕಾಲಿಗೇ ಬಿದ್ದ. "ಸರ್ರ, ನೀವು ಮನುಷ್ಯಾರಲ್ರಿ, ದೇವರ ಅದೀರಿ!"

"ಹೂಂ ಕಣೋ," ಎಂದ ವೀರೇಶ ಊದಿದ ಮೂಗು ಸವರಿಕೊಳ್ಳುತ್ತಾ, "ದೇವರಿಗೆಲ್ಲಿದೆಯಪ್ಪ ರಜೆ!"