ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ

ನೆಟ್ ಪೂರ್ತಿ ಹೋದರೆ ಯಾರಿಗೂ ಅಷ್ಟು ಕೋಪ ಬರುವುದಿಲ್ಲ. ಎಲ್ಲೋ ರಸ್ತೆ ಅಗೆದಿದ್ದಾರೆ, ಕೇಬಲ್ ತುಂಡಾಗಿದೆ, ಪಕ್ಕದ ಮನೆಯವರಿಗೂ ಇಲ್ಲ ಅಂತ ಗೊತ್ತಾದರೆ ಸಮಾಧಾನವಾಗಿ ಅಡುಗೆ ಕೆಲಸ ನೋಡಿಕೊಳ್ಳುತ್ತಾರೆ. ತಲೆ ಕೆಡುವುದು ಬಂದು ಬಂದು ಹೋಗುವ ನೆಟ್ಟಿನಿಂದ. ಒಂದು ವೆಬ್‌ಸೈಟ್ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ. ಬೆಳಿಗ್ಗೆ ಇತ್ತು, ಮಧ್ಯಾಹ್ನ ಇಲ್ಲ. ನಾನು ಹೋಗಿ ಬಾಗಿಲು ತಟ್ಟಿದ ತಕ್ಷಣ ಮಾತ್ರ ಎಲ್ಲ ಸರಿಯಾಗಿರುತ್ತದೆ. ಡಾಕ್ಟರ ಮುಂದೆ ಕೂತಾಗ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

ನಾನು ವಿಜಯನಗರದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸ ಮಾಡುವವಳು. ರಾಜಾಜಿನಗರದಿಂದ ಕೆಂಗೇರಿವರೆಗೆ ಯಾರ ಮನೆಯ ವೈಫೈ ಮುನಿಸಿಕೊಂಡರೂ ಸ್ಕೂಟರ್ ಹತ್ತಿ ಹೋಗಬೇಕು. ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಇಣುಕಿ ನೋಡಿ, "ಟೆಕ್ನಿಷಿಯನ್ ಬರ್ಲಿಲ್ವಾ ಮೇಡಂ?" ಅಂತ ಕೇಳುತ್ತಾರೆ. "ಬಂದಿದ್ದಾಳೆ" ಅಂದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ. ಹೋದಲ್ಲೆಲ್ಲ ಇಂಥದ್ದೇನಾದರೂ ನಡೆದೇ ನಡೆಯುತ್ತದೆ.

ಕಾಲದ ಸಮಸ್ಯೆ

ರಾಜಾಜಿನಗರದಲ್ಲಿ ಒಬ್ಬ ಜ್ಯೋತಿಷಿಗಳು. ಅವರ ಕಂಪ್ಯೂಟರಿನಲ್ಲಿ ಹಳೇ ಕಾಲದ ಒಂದೆರಡು ಪಂಚಾಂಗದ ಸೈಟು ತೆರೆಯುತ್ತಿದ್ದವು, ಬ್ಯಾಂಕಿನದು ತೆರೆಯುತ್ತಿರಲಿಲ್ಲ, ಕರೆಂಟ್ ಬಿಲ್ಲಿನದೂ ಇಲ್ಲ. ಆವತ್ತು ಮೊಮ್ಮಗಳ ಕಾಲೇಜಿನ ಅರ್ಜಿ ಹಾಕಲು ಕೊನೇ ದಿನ. ಕಾಲೇಜಿನ ಸೈಟು "ಇದು ಸುರಕ್ಷಿತವಲ್ಲ" ಅಂತ ಹೇಳಿ ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಹುಡುಗಿಯ ಕಣ್ಣಲ್ಲಿ ಆಗಲೇ ನೀರು.

ಹಜಾರದಲ್ಲಿ ಜಾತಕ ತೋರಿಸಲು ಬಂದ ಗಂಡ ಹೆಂಡತಿ ಕಾಯುತ್ತಿದ್ದರು. ಜ್ಯೋತಿಷಿಗಳು ನನಗೆ ಕಾರಣವನ್ನೂ ಹೇಳಿಬಿಟ್ಟರು. "ಬುಧ ವಕ್ರನಾಗಿದ್ದಾನಮ್ಮ. ಸಂಪರ್ಕಕ್ಕೆಲ್ಲ ಅವನೇ ಕಾರಕ. ನಿಮ್ಮ ಕಂಪನಿ ತಪ್ಪೇನಿಲ್ಲ ಬಿಡಿ."

ಕಂಪನಿಯ ಪರವಾಗಿ ಇಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ. ಆದರೂ ರೂಟರ್ ನೋಡಿದೆ, ಸರಿಯಾಗಿತ್ತು. ನನ್ನ ಫೋನಿನಲ್ಲಿ ಅದೇ ಸೈಟು ತೆರೆಯಿತು. ಆಮೇಲೆ ಕಂಪ್ಯೂಟರಿನ ಮೂಲೆಯಲ್ಲಿ ತಾರೀಖು ಕಣ್ಣಿಗೆ ಬಿತ್ತು. ಹೋದ ವರ್ಷದ್ದು!

"ಗುರುಗಳೇ, ಇದರ ತಾರೀಖು ಯಾರು ಹಿಂದಕ್ಕೆ ಹಾಕಿದ್ದು?"

ಅವರು ಹಜಾರದ ಕಡೆ ನೋಡಿ ದನಿ ಇಳಿಸಿದರು. "ಮೆಲ್ಲಗೆ ಮಾತಾಡಮ್ಮ. ಜಾತಕ ಬರೆಯೋ ಸಾಫ್ಟ್‌ವೇರು ಒಂದು ತಿಂಗಳು ಫ್ರೀ ಅಂತ ಕೊಟ್ಟಿದ್ರು. ತಿಂಗಳು ಮುಗೀತು, ನಿಂತೋಯ್ತು. ತಾರೀಖು ಹಿಂದಕ್ಕೆ ಹಾಕಿದ್ರೆ ನಡೆಯುತ್ತೆ ಅಂತ ಯಾರೋ ಅಂದ್ರು. ಹಾಕ್ತಾ ಇದೀನಿ. ನಮ್ಮನೇಲಿ ಆ ತಿಂಗಳು ಇನ್ನೂ ಮುಗಿದಿಲ್ಲ."

ಪ್ರತಿ ಸೈಟಿಗೂ ಒಂದು ಗುರುತಿನ ಪತ್ರ ಇರುತ್ತದೆ, ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಚಾಲ್ತಿ, ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ಹುಟ್ಟೇ ಇಲ್ಲ ಅಂತ ವಿವರಿಸಿದೆ. ಹುಟ್ಟಿದ ತಾರೀಖಿನ ವಿಷಯವಾದ್ದರಿಂದ ಅವರಿಗೆ ತಕ್ಷಣ ಅರ್ಥವಾಯಿತು. ತಾರೀಖು ಸರಿಮಾಡಿದೆ. ಕಾಲೇಜಿನ ಸೈಟು ತೆರೆಯಿತು, ಹುಡುಗಿ ಅರ್ಜಿ ಹಾಕಿದಳು, ಜಾತಕದ ಸಾಫ್ಟ್‌ವೇರು ಕಣ್ಣು ಮುಚ್ಚಿತು.

ಹೊರಗೆ ಬಂದಾಗ ಕಾಯುತ್ತಿದ್ದ ಹೆಂಗಸು ಕೇಳಿದರು, "ಏನಂತೆ ಮೇಡಂ ತೊಂದ್ರೆ?"

ಸುಳ್ಳು ಹೇಳುವ ಹಾಗಿಲ್ಲ, ನಿಜ ಹೇಳಿ ಅವರ ಮರ್ಯಾದೆ ಕಳೆಯುವ ಹಾಗೂ ಇಲ್ಲ. "ಏನಿಲ್ಲಮ್ಮ, ಗುರುಗಳಿಗೆ ಸ್ವಲ್ಪ ದಿನದಿಂದ ಕಾಲ ಸರಿ ಇರ್ಲಿಲ್ಲ" ಅಂದೆ.

ಮುಂದಿನ ಆದೇಶ

ಕೆಂಗೇರಿ ಉಪನಗರದಲ್ಲಿ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಒಬ್ಬ ಯಜಮಾನರಿದ್ದಾರೆ. ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, ನೆಟ್ ನಿಂತು ನಿಂತು ಬರುತ್ತಿದೆ ಅಂದರು. "ಸಾರ್, ರೂಟರ್ ಹಿಂದೆ ಒಂದು ಸ್ವಿಚ್ ಇದೆ. ಅದನ್ನ ಆಫ್ ಮಾಡಿ. ಆಮೇಲೆ..." ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಕರೆಯಲೇ ಇಲ್ಲ. ಸರಿಹೋಗಿರಬೇಕು ಅಂದುಕೊಂಡೆ.

ಸಂಜೆ ಆ ಕಡೆ ಹೋಗಿದ್ದವಳು ಕೇಳಿಕೊಂಡು ಬರೋಣ ಅಂತ ಹೋದರೆ, ಯಜಮಾನರು ರೂಟರಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ರೂಟರಿನಲ್ಲಿ ಒಂದು ದೀಪವೂ ಇಲ್ಲ.

"ಏನಾಯ್ತು ಸಾರ್?"

"ಆಫ್ ಮಾಡಿ ಅಂದ್ರಿ, ಮಾಡಿದೆ. ಮುಂದಿನ ಆದೇಶ ಬಂದಿಲ್ಲ."

ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ವೈಫೈ ಮೇಲೇ ಫೋನ್ ನಡೆಯುವುದು ಅನ್ನುವುದು ನನಗೆ ಆಗ ಹೊಳೆಯಿತು. ಆಫ್ ಮಾಡಿ ಅಂದು ನಾನೇ ನನ್ನ ಬಾಯಿ ಕಟ್ಟಿಕೊಂಡಿದ್ದೆ! ಸ್ವಿಚ್ ಒತ್ತಿದೆ, ದೀಪಗಳು ಬಂದವು, ನೆಟ್ಟೂ ಬಂತು.

ಅವರ ಹೆಂಡತಿ ಕಾಫಿ ತಂದುಕೊಟ್ಟು ಹೇಳಿದರು. "ಇವರಿಗೆ ಹೇಳಿದಷ್ಟೇ ಕಣಮ್ಮ ಮಾಡೋದು. ಹೊಸದಾಗಿ ಮದ್ವೆ ಆದಾಗ, ಒಲೆ ಮೇಲೆ ಹಾಲಿದೆ, ಸ್ವಲ್ಪ ನೋಡ್ತಾ ಇರಿ ಅಂತ ಹೇಳಿ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಹಾಲೆಲ್ಲ ಒಲೆ ಮೇಲೆ. ಇವ್ರು ಅಲ್ಲೇ ನಿಂತಿದ್ರು. ಪೂರ್ತಿ ನೋಡಿದ್ರಂತೆ."

ರೊಟ್ಟಿ ಡಬ್ಬಿ

ವಿಜಯನಗರದಲ್ಲೇ, ವಿಜಯಪುರದ ಕಡೆಯಿಂದ ಬಂದ ಒಂದು ಕುಟುಂಬ. ಗಂಡ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾನೆ, ಹೆಂಡತಿ ಬಸುರಿ, ಆರೈಕೆಗೆ ಅಂತ ಅವನ ತಾಯಿ ಬಂದಿದ್ದಾರೆ. ತಾಯಿ ಬಂದಾಗಿನಿಂದ ನೆಟ್ ಸ್ವಲ್ಪ ಹೊತ್ತು ಬರುತ್ತದೆ, ಸ್ವಲ್ಪ ಹೊತ್ತು ಇಲ್ಲ. ಮೀಟಿಂಗಿನಲ್ಲಿ ಬಾಯಿ ತೆರೆದವನು ಹಾಗೇ ಕಲ್ಲಾಗಿ ನಿಲ್ಲುತ್ತಾನೆ. "ಇನ್ನೊಂದ್ಸಲ ಹಿಂಗಾದ್ರ ದಿನಾ ವೈಟ್‌ಫೀಲ್ಡಿಗೆ ಬಾ ಅಂದಾರ್ರೀ ಮೇಡಂ" ಅಂದ. ವಿಜಯನಗರದಿಂದ ಊರಿನ ಆ ತುದಿಯ ವೈಟ್‌ಫೀಲ್ಡಿಗೆ ದಿನಾ! ನನಗೇ ಅಯ್ಯೋ ಅನ್ನಿಸಿತು.

"ರೂಟರ್ ಎಲ್ಲಿ?" ಅಂದೆ. ಫ್ರಿಜ್ಜಿನ ಮೇಲೆ ತೋರಿಸಿದ. ಅಲ್ಲಿ ಇರಲಿಲ್ಲ. ಅವನೂ ನೋಡಿ ಎಷ್ಟೋ ದಿನವಾಗಿತ್ತು. ವೈರು ಹಿಡಿದುಕೊಂಡು ಹೋದರೆ ಅದು ಅಡುಗೆಮನೆ ಸೇರಿ, ಒಂದು ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಇಳಿದಿತ್ತು. ಮುಚ್ಚಳವನ್ನು ವೈರಿನ ಮೇಲೇ ಒತ್ತಿ ಕೂರಿಸಿದ್ದರು. ತೆಗೆದು ನೋಡಿದೆ. ಕೆಳಗೆ ಜೋಳದ ರೊಟ್ಟಿ, ಮೇಲೊಂದು ಬಟ್ಟೆ, ಬಟ್ಟೆಯ ಮೇಲೆ ಮಿಣಮಿಣ ಅನ್ನುತ್ತಿರುವ ರೂಟರ್.

"ಯವ್ವಾ, ಇದೇನಬೇ!" ಅಂತ ಮಗ ಕೂಗಿದ.

ತಾಯಿ ಒಂದಿಷ್ಟೂ ಅಳುಕಲಿಲ್ಲ. "ಅದರಾಗಿಂದ ಎಂಥವೋ ಕಿರಣ ಬರ್ತಾವಂತ. ಮನ್ಯಾಗ ಬಸುರಿ ಹುಡುಗಿ ಅದಾಳ. ಅದಕ್ಕ ಡಬ್ಬ್ಯಾಗ ಮುಚ್ಚಿಟ್ಟೀನಿ."

"ಹಾಗಾದ್ರೆ ನಡುನಡುವೆ ನೆಟ್ ಹೇಗಮ್ಮ ಬರ್ತಿತ್ತು?"

"ಪಾಪ, ಒಳಗ ಕುಂತು ಬಿಸಿ ಆಗತೈತಿ ನೋಡ್ರೀ. ಅದಕ್ಕ ಆಗಾಗ ಮುಚ್ಚಳ ತಗದು ಗಾಳಿ ಆಡಸ್ತೀನಿ."

ಸೊಸೆಯ ಡಾಕ್ಟರಿಗೇ ಫೋನ್ ಮಾಡಿಸಿದೆ. ಭಯವೇನೂ ಇಲ್ಲ ಅಂತ ಅವರು ಹೇಳಿದ ಮೇಲೆ ತಾಯಿ ಒಪ್ಪಿದರು. ಆದರೂ ಅವರ ಸಮಾಧಾನಕ್ಕೆ ರೂಟರನ್ನು ಸೊಸೆಯ ಕೋಣೆಯಿಂದ ದೂರ, ಹಜಾರದ ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿ ಬಂದೆ. ವೈಟ್‌ಫೀಲ್ಡಿನ ಗಂಡಾಂತರ ತಪ್ಪಿತು.

ವಾರ ಕಳೆದು ತಾಯಿಯವರದೇ ಫೋನ್. "ನೆಟ್ಟು ಛಲೋ ಐತವ್ವ. ಖರೇ ನಿನ್ನ ಮಷೀನ್ ತಗದಾಗಿಂದ ರೊಟ್ಟಿ ಮೆತ್ತಗಾಗಾಕತ್ತಾವ. ಅದು ಒಳಗಿದ್ದಾಗ ಎಷ್ಟು ಕಡಕ್ ಇರ್ತಿದ್ವು! ಹಳೇದೊಂದು ಇದ್ರ ಕೊಟ್ಟು ಹೋಗ ನೋಡೂನು."

ಚಿಕ್ಕವನು

ಸುಂಕದಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರ ದೂರು ವಿಚಿತ್ರವಾಗಿತ್ತು. ಎಲ್ಲ ಸೈಟೂ ಬರುತ್ತದೆ, ಆದರೆ ಸಂಜೆ ಹೊತ್ತು ಟಿವಿಯಲ್ಲಿ ಕ್ರಿಕೆಟ್ ಮ್ಯಾಚಿನದು ಮಾತ್ರ ಬರುವುದಿಲ್ಲ. ಮೊಬೈಲ್ ಡೇಟಾ ಹಾಕಿಕೊಂಡು ಫೋನಿನಲ್ಲಿ ನೋಡಿದರೆ ಅಷ್ಟು ಚಿಕ್ಕ ಪರದೆಯಲ್ಲಿ ಬಾಲ್ ಕಾಣುವುದಿಲ್ಲವಂತೆ.

ರೂಟರಿನ ಸೆಟ್ಟಿಂಗ್ ತೆರೆದರೆ ಅದರಲ್ಲಿ ಮಕ್ಕಳಿಗೆ ಹಾಕುವ ಬೀಗ ಬಿದ್ದಿತ್ತು. ಸಂಜೆ ಹೊತ್ತಿಗೆ ಆ ಒಂದು ಸೈಟು ಬಂದ್. ಬೀಗಕ್ಕೆ ಒಂದು ಹೆಸರೂ ಕೊಟ್ಟಿದ್ದರು: "ಚಿಕ್ಕವನು".

"ಸಾರ್, ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

"ಎಲ್ಲಿಂದ ಬರ್ಬೇಕು ಮೇಡಂ? ಇಬ್ರು ಹೆಣ್ಮಕ್ಕಳು, ಇಬ್ರಿಗೂ ಮದ್ವೆ ಆಯ್ತು."

ಪಕ್ಕದಲ್ಲಿ ಅವರ ಹೆಂಡತಿ, ಹೈಸ್ಕೂಲ್ ಟೀಚರ್, ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕೆಂಪು ಪೆನ್ನು ನಿಂತಿತು. ಕಾಪಿ ಹೊಡೆಯುವವಳನ್ನು ನೋಡುವ ಹಾಗೆ ನನ್ನನ್ನು ನೋಡಿ, "ಬಾಮ್ಮ, ಒಳಗೆ ಕಾಫಿ ಕೊಡ್ತೀನಿ" ಅಂದರು.

ಅಡುಗೆಮನೆಯಲ್ಲಿ ವಿಷಯ ಹೊರಬಂತು. "ಶುಗರ್ ಜಾಸ್ತಿ ಇದೆ, ದಿನಾ ಸಂಜೆ ನಡೀಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಇವರು ಸೋಫಾ ಬಿಟ್ಟು ಏಳಲ್ಲ. ಈಗ ನೋಡು, ಮ್ಯಾಚ್ ಬರಲ್ಲ, ಸ್ವಲ್ಪ ಹೊತ್ತು ನಿಮ್ಮ ಕಂಪನೀನ ಬೈಕೋತಾರೆ, ಕೋಪ ಮಾಡ್ಕೊಂಡು ಎದ್ದು ಹೋಗಿ ಪಾರ್ಕಲ್ಲಿ ಸುತ್ತುತಾರೆ. ಕೋಪದಲ್ಲಿ ಜೋರಾಗೇ ನಡೀತಾರೆ. ಶುಗರ್ ಇಳೀತಾ ಇದೆ ಕಣಮ್ಮ."

ನಮ್ಮ ಕಂಪನಿಯನ್ನು ಬೈದು ಒಬ್ಬರ ಆರೋಗ್ಯ ಸುಧಾರಿಸುತ್ತಿದೆ ಅಂದರೆ ನಾನು ಅಡ್ಡ ಬರುವುದುಂಟೇ? ಹೊರಗೆ ಬಂದು, "ಸಂಜೆ ಹೊತ್ತು ಸ್ವಲ್ಪ ಲೋಡ್ ಜಾಸ್ತಿ ಸಾರ್" ಅಂದೆ.

"ಸರಿ ಹೋಗೋಕೆ ಎಷ್ಟು ದಿನ ಬೇಕು?"

ಅಡುಗೆಮನೆಯಿಂದ ಉತ್ತರ ಬಂತು. "ರಿಪೋರ್ಟ್ ಬರ್ಲಿ ರೀ, ನೋಡೋಣ!"

ಮೇಲಿನ ಮನೆ, ಕೆಳಗಿನ ಮನೆ

ಬಸವೇಶ್ವರನಗರದ ಒಂದು ಮನೆ. ಮೇಲೆ ಓನರ್, ಬ್ಯಾಂಕಿನಿಂದ ರಿಟೈರ್ ಆದವರು. ಕೆಳಗೆ ಬಾಡಿಗೆಗೆ ಒಬ್ಬ ಲೆಕ್ಚರರ್. ಎರಡೂ ಮನೆಗೆ ನಮ್ಮದೇ ಕನೆಕ್ಷನ್, ಬೇರೆ ಬೇರೆ ರೂಟರ್. ಎರಡೂ ಮನೆಯಿಂದ ಒಂದೇ ದೂರು: ನೆಟ್ ಇದ್ದಕ್ಕಿದ್ದ ಹಾಗೆ ಹೋಗುತ್ತದೆ. ನಮ್ಮವರು ಕೇಬಲ್ ಬದಲಾಯಿಸಿದರು, ರೂಟರ್ ಬದಲಾಯಿಸಿದರು, ಏನೂ ಆಗಲಿಲ್ಲ. ಲೆಕ್ಚರರ ಹೆಂಡತಿ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾರೆ. ನೆಟ್ ಹೋದ ತಕ್ಷಣ ಖುಷಿಯಿಂದ ಎದ್ದು ಓಡಿದ ಮಕ್ಕಳು ವಾಪಸ್ ಬರುವುದಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಪಾಪ ಆಕೆ ಅಳುವುದೊಂದು ಬಾಕಿ. ಮೇಲಿನ ಮನೆಯಾಕೆಗೆ ಆನ್‌ಲೈನ್ ಭಜನೆ ಕ್ಲಾಸು. ತಮ್ಮ ಸರದಿ ಬಂದಾಗಲೇ ದನಿ ಹೋಗುತ್ತದೆ ಅಂತ ಅವರಿಗೂ ಸಂಕಟ.

"ನಿಮ್ಮ ಕೈಲಾಗ್ದಿದ್ರೆ ಇಬ್ರೂ ಬೇರೆ ಕಂಪನಿ ನೋಡ್ಕೋತೀವಿ" ಅಂತ ಮೇಲಿನಾಕೆ ಆಫೀಸಿಗೆ ಹೇಳಿದ ಮೇಲೆ ನನ್ನನ್ನು ಕಳಿಸಿದರು.

ಮೇಲಿನ ಮನೆಯ ಹಜಾರದಲ್ಲಿ ಕೂತು ಫೋನಿನಲ್ಲಿ ವೈಫೈ ಹೆಸರುಗಳನ್ನು ನೋಡಿದೆ. ಒಂದರ ಹೆಸರು "ಗೇಟ್ ಮುಂದೆ ಬೈಕ್ ನಿಲ್ಲಿಸಬೇಡಿ". ಇನ್ನೊಂದು "ನೀರು ಬಿಟ್ಟರೆ ನಿಲ್ಲಿಸಲ್ಲ".

ಕಣ್ಣುಜ್ಜಿಕೊಂಡು ನೋಡುತ್ತಿದ್ದ ಹಾಗೇ ಮೊದಲಿನ ಹೆಸರು ಮಾಯವಾಯಿತು. ಅದರ ಜಾಗದಲ್ಲಿ "ಮೋಟರ್ ಕೆಟ್ಟಿದೆ" ಅಂತ ಬಂತು. ಒಳಗಿನ ಕೋಣೆಯಿಂದ ಭಜನೆ ನಿಂತು, "ನೋಡಿ ಮೇಡಂ, ಹೋಯ್ತು!" ಅನ್ನುವ ಕೂಗು.

ಸ್ವಲ್ಪ ಹೊತ್ತಿಗೆ ಎರಡನೆಯದೂ ಬದಲಾಯಿತು. "ನಿಮ್ಮ ಮನೆಗೆ ಮಾತ್ರ ಹೇಗೆ ಬರುತ್ತೆ?" ಕೆಳಗಿನಿಂದ ಗಣಿತದ ಮೇಡಂ ದನಿ: "ಮಕ್ಕಳೇ, ಹೋಗ್ಬೇಡಿ, ಮಕ್ಕಳೇ!"

ಓನರ್ ಬಾಲ್ಕನಿಯಲ್ಲಿ ಬೆನ್ನು ಹಾಕಿ ಫೋನ್ ಒತ್ತುತ್ತಾ ಕೂತಿದ್ದರು. ನಾನು ಹಿಂದೆ ಹೋಗಿ ನಿಂತೆ.

"ಸಾರ್, ಹೆಸರು ಬದಲಾಯಿಸಿದ್ರೆ ಮನೇಲಿರೋ ಟಿವಿ, ಲ್ಯಾಪ್‌ಟಾಪ್ ಎಲ್ಲ ಹಳೇ ಹೆಸರನ್ನೇ ಹುಡುಕ್ತಾ ನಿಂತುಬಿಡುತ್ತೆ. ನೆಟ್ ಹೋಗ್ತಾ ಇರೋದು ಅದಕ್ಕೇ."

ಅವರು ಬೆಚ್ಚಿಬಿದ್ದರು. "ಮೆಲ್ಲಗೆ ಮಾತಾಡಿ ಮೇಡಂ. ಕೆಳಗಿನವರ ಹತ್ರ ಮಾತು ಬಿಟ್ಟಿದ್ದೀನಿ. ಹಾಗಂತ ಉತ್ತರ ಕೊಡದೇ ಇರೋಕಾಗುತ್ತಾ?"

ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಪೂರ್ತಿ ಕೇಳಿಸಿಕೊಂಡಿದ್ದರು. ಗಂಡನತ್ತ ಕೈ ಚಾಚಿದರು, ಯಜಮಾನರು ಫೋನ್ ಕೊಟ್ಟರು.

"ಇದರಲ್ಲಿ ಇನ್ನೊಂದೇ ಒಂದ್ಸಲ ಹೆಸರು ಹಾಕಮ್ಮ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ ನನಗೆ ಕೊಡು, ಇವರಿಗೆ ಬೇಡ."

"ಏನಂತ ಹಾಕ್ಲಿ ಆಂಟಿ?"

"ಇಬ್ಬರೂ ಕಾಫಿಗೆ ಬನ್ನಿ, ಅಂತ."

ಹಾಕಿದೆ. ಓನರ್ ಬೀದಿ ನೋಡುತ್ತಾ ನಿಂತರು. ಆಕೆ ಹಾಲು ಕಾಯಿಸಲು ಇಟ್ಟರು. ಕೆಳಗಿನ ಮನೆಯಿಂದ ಸದ್ದಿಲ್ಲ. ಬರುವುದಿಲ್ಲವೇನೋ ಅಂದುಕೊಂಡೆ, ಓನರಿಗೂ ಹಾಗೇ ಅನ್ನಿಸಿರಬೇಕು, ಮುಖ ಸಪ್ಪಗಾಯಿತು. ಹೊರಡಲು ಎದ್ದವಳು ಕೊನೆಯದಾಗಿ ಫೋನ್ ನೋಡಿದೆ.

ಕೆಳಗಿನ ವೈಫೈ ಹೆಸರು ಬದಲಾಗಿತ್ತು: "ಬರ್ತೀವಿ, ಸಕ್ಕರೆ ಕಮ್ಮಿ ಇರಲಿ".

ಓನರಿಗೆ ತೋರಿಸಿದೆ. ಅವರು ನಕ್ಕುಬಿಟ್ಟರು. ಅದೇ ಹೊತ್ತಿಗೆ ಕೆಳಗಿನಿಂದ ಗಣಿತದ ಮೇಡಂ ಕೂಗು ಇಡೀ ಬೀದಿಗೆ ಕೇಳಿಸಿತು.

"ರೀ, ಮತ್ತೆ ಹೋಯ್ತು ಕಣ್ರೀ ನೆಟ್ಟು!"